ಪಿಕಪ್‌ಗೆ ಗಟ್ಟಿಯಾದ ಹಿಂದಿನ ಬಂಪರ್ ಬೇಕು, ಸಲಹೆ ಕೊಡಿ

ಎಲ್ಲರಿಗೂ ನಮಸ್ಕಾರ. ಹೋದ ವಾರ ಕಲ್ಲಿನ ಹಳ್ಳ ದಾಟಿ ಮೇಲೆ ಹತ್ತುವಾಗ ನನ್ನ ಪಿಕಪ್‌ನ ಹಿಂದಿನ ಬಂಪರ್ ನೆಲಕ್ಕೆ ಬಡಿಯಿತು. ಬಲ ಮೂಲೆ ಮೇಲಕ್ಕೆ ಮಡಚಿಕೊಂಡಿದೆ. ಈಗ ಹಿಂದಿನ ಬಾಗಿಲು ಇಳಿಸಿದರೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಕಂಪನಿ ಬಂಪರ್ ಅಂದ್ರೆ ಸುಮ್ನೆ ತಗಡು, ಅಷ್ಟೇ.

ಸ್ಟೀಲ್ ಹಾಕಿಸಲೋ, ಅಲ್ಯೂಮಿನಿಯಂ ಹಾಕಿಸಲೋ ಅನ್ನೋದೇ ದೊಡ್ಡ ಗೊಂದಲ. ಅಲ್ಯೂಮಿನಿಯಂ ತುಕ್ಕು ಹಿಡಿಯೋದಿಲ್ಲ, ಅದೇ ಗಾತ್ರದ ಸ್ಟೀಲಿನ ಮೂರನೇ ಒಂದು ಭಾಗದಷ್ಟೇ ತೂಕ. ಆದರೆ ಬಂಪರ್‌ಗೆ ದಪ್ಪ ಹಾಳೆ ಬಳಸುವುದರಿಂದ ಉಳಿಯುವ ತೂಕ ಅಷ್ಟೊಂದು ಇರಲ್ಲ, ಅಲ್ವಾ? ಸ್ಟೀಲ್ ಸೊಟ್ಟಗಾದರೆ ಬಡಿದು ನೆಟ್ಟಗೆ ಮಾಡಬಹುದು, ಸಾಮಾನ್ಯ ವೆಲ್ಡರ್ ಕೂಡ ಬೆಸೆದುಕೊಡುತ್ತಾನೆ. ಅಲ್ಯೂಮಿನಿಯಂ ಬಿರುಕು ಬಿಟ್ಟರೆ ಟಿಗ್ ವೆಲ್ಡಿಂಗ್ (ಕೈಚಳಕ ಬೇಕಾದ ಒಂದು ನಾಜೂಕು ಬೆಸುಗೆ) ಗೊತ್ತಿರುವವರನ್ನೇ ಹುಡುಕಬೇಕು. ಮನಸ್ಸು ಸ್ಟೀಲ್ ಕಡೆಗೇ ಇದೆ. ಆದರೆ ಹಿಂದೆ ತೂಕ ಜಾಸ್ತಿಯಾದರೆ ಲೀಫ್ ಸ್ಪ್ರಿಂಗ್ (ಹಿಂದಿನ ಭಾರ ಹೊರುವ ಪಟ್ಟಿ ಸ್ಪ್ರಿಂಗ್) ಕೂಡ ಬದಲಿಸಬೇಕಾಗುತ್ತಾ?

ಮೂಲೆಗಳು ಮೇಲಕ್ಕೆ ಕತ್ತರಿಸಿದಂತೆ ಇರಬೇಕು, ಇಲ್ಲದಿದ್ದರೆ ಮತ್ತೆ ಅದೇ ಹಳ್ಳ, ಅದೇ ಕಥೆ. ಎಳೆಯುವ ಕೊಂಡಿಗಳು ಬರೀ ಹೊರಗಿನ ಹಾಳೆಗೆ ಬೆಸೆದಿರಬಾರದು. ಅವುಗಳ ಭಾರ ನೇರವಾಗಿ ಚಾಸಿಗೆ ಹೋಗಬೇಕು. ಒಂದು ಬಂಪರ್ ನೋಡಿದೆ, ಹೊಳೆಯುವ ಪೌಡರ್ ಕೋಟಿಂಗ್. ಬಗ್ಗಿ ನೋಡಿದರೆ ಒಳಗಡೆ ಬಣ್ಣವೇ ಇಲ್ಲ, ಕೆಸರು ನಿಂತರೆ ನೀರು ಇಳಿಯಲು ಒಂದು ತೂತೂ ಇಲ್ಲ!

ಪಾರ್ಕಿಂಗ್ ಸೆನ್ಸರ್ ಇದೆ, ಅದು ಉಳಿಯಬೇಕು. ಬಂಪರಿಗೆ ಸ್ಟೆಪ್ನಿ ಹೊರುವ ತೋಳು ಬೇಡ, ಗಡಗಡ ಶಬ್ದ ನನಗಾಗಲ್ಲ.

ಎರಡು ಮೂರು ವರ್ಷ ಒರಟಾಗಿ ಓಡಿಸಿದವರು ಹೇಳಿ: ಹಾಳೆ 3 ಮಿಮೀ ಸಾಕಾ, 5 ಮಿಮೀ ಬೇಕಾ? ಮೊದಲು ಕೈಕೊಟ್ಟಿದ್ದು ಏನು, ಬೋಲ್ಟಾ, ಬೆಸುಗೆಯಾ? ಫೋಟೋ ಇದ್ದರೆ ಹಾಕಿ, ಬಂಪರಿನ ಕೆಳಭಾಗದ್ದು.