ಆಕ್ಸಲ್ ಎಂದರೆ ಅಚ್ಚೇ? ಹಾಗಾದರೆ ಯಾವುದು ಅಚ್ಚು?

ಬಲ್ಲವರಲ್ಲಿ ಒಂದು ವಿಚಾರಣೆ.

ಹಳೆಯ ಅಮೆರಿಕನ್ ಪಿಕಪ್ ಟ್ರಕ್ಕುಗಳ ಬಗೆಗಿನ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ವಿಷಯ ಇಷ್ಟೇ: 1968ರ ಶೆವರ್ಲೆ ಸಿ10 ಗಾಡಿಗೆ ಹೆಚ್ಚು ಶಕ್ತಿಯ ಎಂಜಿನ್ ಕೂರಿಸಿದ್ದಾರೆ. ಹಿಂಬದಿಯ ಎರಡು ಚಕ್ರಗಳನ್ನು ಕೂಡಿಸಿ ಹಿಡಿದ ಹಳೆಯ ಆಕ್ಸಲ್ ಅದರ ಹೊಡೆತವನ್ನು ತಾಳಲಾರದು ಎಂದು ಫೋರ್ಡ್‌ನ ಗಟ್ಟಿ ಆಕ್ಸಲ್ ಒಂದನ್ನು ತಂದು ಜೋಡಿಸುತ್ತಾರೆ. ಮೊದಲ ವಾಕ್ಯದಲ್ಲೇ ಎಡವಿದೆ. ‘ಹಿಂದಿನ ಅಚ್ಚನ್ನು ತೆಗೆದು ಗಟ್ಟಿಯಾದ ಅಚ್ಚನ್ನು ಹಾಕಿದರು’ ಎಂದು ಬರೆದಿದ್ದೆ. ಓದಿದ ಗೆಳೆಯರೊಬ್ಬರು ಇದು ಮುದ್ರಣಾಲಯದ ಕಥೆಯೇ ಎಂದು ಕೇಳಿದರು. ತಪ್ಪು ಅವರದಲ್ಲ. ‘ಹಿಂದಿನ’ ಎಂದರೆ ಹಿಂಬದಿಯದೂ ಹೌದು, ಮೊದಲಿದ್ದದ್ದೂ ಹೌದು. ಅಚ್ಚಂತೂ ಎರಕದ ಅಚ್ಚು, ಮುದ್ರಣದ ಅಚ್ಚು, ಬಂಡಿಯ ಅಚ್ಚು ಎಲ್ಲವೂ ಹೌದು. ಮೊದಲನೆಯ ತೊಡಕು ‘ಹಿಂಬದಿಯ’ ಎಂದು ಬರೆದರೆ ಬಿಡಿಸಿಕೊಳ್ಳುತ್ತದೆ. ಅಚ್ಚಿನದು ಹಾಗಲ್ಲ.

ಬಂಡಿಯ ಅಚ್ಚನ್ನು ಸಂಸ್ಕೃತದ ‘ಅಕ್ಷ’ದ ತದ್ಭವವೆನ್ನುತ್ತಾರೆ. ಹಾಗಾದರೆ ‘ಅಕ್ಷ’ವನ್ನೇ ಬಳಸಬಾರದೇಕೆ? ಇಂದಿನ ಕನ್ನಡದಲ್ಲಿ ಅಕ್ಷವೆಂದರೆ ಭೂಮಿ ಸುತ್ತುವ ಕಲ್ಪಿತ ಗೆರೆ. ಗ್ರೀಸ್ ಮೆತ್ತಿಕೊಂಡ ಕಬ್ಬಿಣಕ್ಕೆ ಆ ಹೆಸರಿಡಲು ನನಗೆ ಮನಸ್ಸಾಗುವುದಿಲ್ಲ. ‘ಇರುಸು’ ಇದೆ, ತೆಲುಗಿನಲ್ಲೂ ಬಂಡಿಯ ಅಚ್ಚಿಗೆ ಅದೇ ಮಾತು, ಮುದ್ರಣಾಲಯದ ಗೊಂದಲವೂ ಇಲ್ಲ. ಆದರೆ ಕನ್ನಡಿಗರಿಗೆ ಇರುಸು ಎಂದ ಕೂಡಲೇ ಮುರುಸು ನೆನಪಾಗುತ್ತದೆ. ಇರುಸುಮುರುಸನ್ನು ‘ದಾರಿಯಲ್ಲಿ ಇರುಸು ಮುರಿದಾಗಿನ ಫಜೀತಿ’ ಎಂದು ಬಿಡಿಸುವವರೂ ಇದ್ದಾರೆ. ಮುರಿಯಬಾರದೆಂದೇ ಹಾಕಿಸುವ ಭಾಗಕ್ಕೆ ಅಂಥ ಹೆಸರೇ!

ಇದೆಲ್ಲ ಪೀಠಿಕೆ. ನಿಜವಾದ ತೊಡಕು ಇಂಗ್ಲಿಷಿನಲ್ಲೇ ಇದೆ. ಅಲ್ಲಿ ಚಕ್ರವನ್ನು ತಿರುಗಿಸುವ ಉಕ್ಕಿನ ದಂಡವೂ ಆಕ್ಸಲ್. ಎಡಬಲದ ದಂಡಗಳು, ಎಂಜಿನ್ನಿನ ಬಲವನ್ನು ಎರಡೂ ಚಕ್ರಗಳಿಗೆ ಹಂಚುವ ನಡುವಿನ ಡಿಫರೆನ್ಷಿಯಲ್, ಇವನ್ನು ಒಳಗಿಟ್ಟುಕೊಂಡ ಕೊಳವೆಯಂಥ ಕವಚ ಎಲ್ಲ ಸೇರಿದ ಇಡೀ ಜೋಡಣೆಯೂ ಆಕ್ಸಲ್. ಬದಲಿಸುವುದು ಇಡೀ ಜೋಡಣೆಯನ್ನು. ಮುರಿಯುವುದು ಒಳಗಿನ ದಂಡವೋ ಗಿಯರಿನ ಹಲ್ಲೋ. ‘ಆಕ್ಸಲ್ ಮುರಿಯಿತು, ಆಕ್ಸಲ್ ಬದಲಿಸಿದರು’ ಎಂಬ ಒಂದೇ ಸಾಲಿನಲ್ಲಿ ಎರಡು ಬೇರೆ ವಸ್ತುಗಳಿವೆ.

ಈಗ ಬಂಡಿಯ ಅಚ್ಚನ್ನು ನೆನೆಸಿಕೊಳ್ಳಿ. ಅದು ತಿರುಗುವುದೇ ಇಲ್ಲ. ಚಕ್ರ ಅದರ ತುದಿಯ ಮೇಲೆ ತಿರುಗುತ್ತದೆ, ಕಳಚಿಹೋಗದಂತೆ ಕಡಾಣಿ ತಡೆಯುತ್ತದೆ. ಅಚ್ಚಿನ ಕೆಲಸ ಹೊರುವುದು ಮಾತ್ರ. ಸಿ10ನಂಥ ಹಗುರ ಪಿಕಪ್ಪಿನಲ್ಲಿ ದಂಡದ ಹೊರತುದಿ ಗಾಡಿಯ ಭಾರವನ್ನೂ ಹೊರುತ್ತದೆ, ಚಕ್ರವನ್ನೂ ತಿರುಗಿಸುತ್ತದೆ. ಭಾರಿ ಟ್ರಕ್ಕುಗಳಲ್ಲಿ ಹಾಗಲ್ಲ. ಅಲ್ಲಿ ಕವಚದ ತುದಿಯೇ ಹೊರಚಾಚಿರುತ್ತದೆ, ಅದರ ಮೇಲೆ ಎರಡು ಬೇರಿಂಗುಗಳಲ್ಲಿ ಚಕ್ರದ ನಡುಭಾಗವಾದ ಹಬ್ ಕೂರುತ್ತದೆ. ದಂಡಕ್ಕೆ ತಿರುಗಿಸುವುದೊಂದೇ ಕೆಲಸ. ಜಾಕ್ ಕೊಡದೆ, ಚಕ್ರ ಬಿಚ್ಚದೆ ಅದನ್ನು ಹೊರಗೆಳೆಯಬಹುದು. ಬಂಡಿಯ ಅಚ್ಚು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಮಾಡುತ್ತಿರುವುದು ಕವಚ, ಒಳಗಿನ ದಂಡವಲ್ಲ. ಆದ್ದರಿಂದ ನನ್ನ ಸಲಹೆ: ಕವಚ ಸಮೇತ ಇಡೀ ಜೋಡಣೆಗೆ ‘ಅಚ್ಚು’, ಒಳಗೆ ತಿರುಗುವುದಕ್ಕೆ ‘ಅಚ್ಚಿನ ದಂಡ’. ಒಪ್ಪದವರು ಕಾರಣ ತಿಳಿಸಬೇಕು.

ಈ ಎರಡು ಬಗೆಗಳನ್ನು ಇಂಗ್ಲಿಷಿನವರು ಅರೆ ತೇಲುವುದು, ಪೂರ್ತಿ ತೇಲುವುದು ಎನ್ನುತ್ತಾರೆ. ಕನ್ನಡದಲ್ಲಿ ‘ತೇಲುವ ಅಚ್ಚು’ ಎಂದರೆ ಓದುಗನಿಗೆ ದೋಣಿ ಕಾಣುತ್ತದೆ. ‘ಹೊರೆ ಹೊರುವ ದಂಡ’, ‘ಹೊರೆ ಹೊರದ ದಂಡ’ ಎಂದರೆ ಸಾಲದೇ?

ಸಂಖ್ಯೆಗಳಲ್ಲೂ ಎಚ್ಚರ ಬೇಕು. 1957ರಲ್ಲಿ ಬಂದ ಫೋರ್ಡ್ ನೈನ್ ಇಂಚ್ ಅನ್ನು ‘9 ಇಂಚಿನ ಅಚ್ಚು’ ಎಂದು ಬರೆದರೆ ಅದೇನು ಉದ್ದವೋ ದಪ್ಪವೋ ಎಂದು ಕೇಳುತ್ತಾರೆ. ಅದು ಒಳಗಿನ ಕ್ರೌನ್ ಗಿಯರ್ ಎಂಬ ದೊಡ್ಡ ಹಲ್ಲುಗಾಲಿಯ ವ್ಯಾಸ. ಜನರಲ್ ಮೋಟರ್ಸ್‌ನ ‘12 ಬೋಲ್ಟ್’ ಹಿಂಬದಿಯ ಮುಚ್ಚಳದ ಬೋಲ್ಟುಗಳ ಎಣಿಕೆ. ‘ಡಾನಾ 60’ ಎಂಬ ಇನ್ನೊಂದು ಆಕ್ಸಲ್‌ನಲ್ಲಿ 60 ಬರೀ ಮಾದರಿಯ ಹೆಸರು, ಅದರ ಕ್ರೌನ್ ಗಿಯರ್ 9.75 ಇಂಚಿನದು. ಒಂದು ವ್ಯಾಸ, ಒಂದು ಎಣಿಕೆ, ಒಂದು ಏನೂ ಅಲ್ಲ. ಇವನ್ನು ಅನುವಾದಿಸದೆ ಅಂಕಿತನಾಮಗಳಂತೆ ಬಿಡುವುದೇ ಲೇಸು.

ಗಿಯರ್ ಅನುಪಾತದ ಮಾತು ಇನ್ನೂ ವಿಚಿತ್ರ. ಕ್ರೌನ್ ಗಿಯರಿಗೆ 41 ಹಲ್ಲು, ಅದನ್ನು ತಿರುಗಿಸುವ ಪುಟ್ಟ ಗಿಯರಾದ ಪಿನಿಯನ್ನಿಗೆ 10 ಹಲ್ಲು ಇದ್ದರೆ ಅನುಪಾತ 4.10. 37ಕ್ಕೆ 12 ಆದರೆ 3.08. ಇಂಗ್ಲಿಷಿನಲ್ಲಿ 4.10 ‘ಕೆಳಗಿನ’ ಗಿಯರ್, 3.08 ‘ಮೇಲಿನ’ ಗಿಯರ್! ಸಂಖ್ಯೆ ದೊಡ್ಡದಾದಷ್ಟೂ ಗಿಯರ್ ಕೆಳಗಿಳಿಯುತ್ತದೆ. ನಾನು 4.10ನ್ನು ‘ಎಳೆತದ ಗಿಯರ್’, 3.08ನ್ನು ‘ಓಟದ ಗಿಯರ್’ ಎಂದು ಬರೆದಿದ್ದೇನೆ. ಹಲ್ಲು ಮಾತ್ರ ಹಲ್ಲಾಗಿಯೇ ಉಳಿದದ್ದು ಸಂತೋಷ.

ಕೊನೆಯದಾಗಿ, ಬದಲಿಸುವ ಕ್ರಿಯೆಗೆ ಏನೆನ್ನಬೇಕು? ‘ಬದಲಿಸಿದರು’ ಎಂದರೆ ಅದೇ ಭಾಗದ ಹೊಸತನ್ನು ಹಾಕಿದಂತೆ ಕೇಳುತ್ತದೆ. ಇಲ್ಲಿ ಬೇರೆ ಕಂಪನಿಯ ಗಾಡಿಯಿಂದ ಕಳಚಿದ್ದು ಬರುತ್ತಿದೆ. ಬಂದದ್ದು ತಾನಾಗಿ ಕೂರುವುದೂ ಇಲ್ಲ. ಆ ಕಾಲದ ಸಿ10ನ ಹಿಂಬದಿಯಲ್ಲಿ ಸಾಮಾನ್ಯವಾಗಿ ಸುರುಳಿ ಸ್ಪ್ರಿಂಗ್ ಇರುತ್ತದೆ. ಕಮಾನುಪಟ್ಟಿಗೆಂದು (ಲೀಫ್ ಸ್ಪ್ರಿಂಗ್) ಮಾಡಿದ ಅಚ್ಚಾದರೆ ಸ್ಪ್ರಿಂಗ್ ಕೂರುವ ಅದರ ಹಳೆಯ ಪೀಠಗಳನ್ನು ಕತ್ತರಿಸಿ, ಹೊಸವನ್ನು ಬೆಸೆಯಬೇಕು. ಬೆಸೆಯುವ ಮುನ್ನ ಪಿನಿಯನ್ನಿನ ಓರೆಯನ್ನು ಅಳೆದುಕೊಳ್ಳಬೇಕು, ತಪ್ಪಿದರೆ ಗಾಡಿ ನಡುಗುತ್ತದೆ. ಎಂಜಿನ್ನಿನಿಂದ ಬರುವ ಉದ್ದನೆಯ ಶಾಫ್ಟನ್ನೂ ಅಳತೆಗೆ ಸರಿಪಡಿಸಬೇಕಾಗಬಹುದು. ಒಂದರದನ್ನು ಇನ್ನೊಂದರ ಮೈಗೆ ಒಗ್ಗಿಸುವ ಈ ಕೆಲಸಕ್ಕೆ ನನಗೆ ತೋಚಿದ್ದು ‘ಕಸಿ’. ಗಿಡಕ್ಕೂ ಅಂಗಾಂಗಕ್ಕೂ ಸಲ್ಲುವ ಮಾತು ಉಕ್ಕಿಗೆ ಸಲ್ಲದೇ?

ಮೊದಲ ವಾಕ್ಯ ಸದ್ಯಕ್ಕೆ ಹೀಗೆ ನಿಂತಿದೆ: ‘ಪಿಕಪ್ಪಿನ ಹಿಂಬದಿಯ ಅಚ್ಚನ್ನು ಕಳಚಿ, ಫೋರ್ಡ್ ನೈನ್ ಇಂಚ್ ಅಚ್ಚನ್ನು ಕಸಿ ಮಾಡಿದರು.’ ತಿದ್ದಿ ಕಳುಹಿಸಿ.