ಆಟಿ ತಿಂಗಳ ಜಡ: ನೀವು ಹೇಗೆ ಎದ್ದಿರಿ?

ನೀರ್ಚಾಲಿನವ: ಪಿಎಸ್‌ಸಿಗೆ, ಅಂದರೆ ಸರಕಾರಿ ಕೆಲಸದ ಪರೀಕ್ಷೆಗೆ, ಓದಲೆಂದು ಮನೆಯಲ್ಲೇ ಇದ್ದೇನೆ. ಆಟಿ ಅಂದರೆ ಮಳೆಯ ತಿಂಗಳು, ಮಳೆ ಬಿಡುವುದಿಲ್ಲ. ಏಳುವಾಗ ಒಂಬತ್ತೂವರೆ. ಪುಸ್ತಕ ಬಿಡಿಸಿದರೆ ಮೂರು ದಿನದಿಂದ ಅದೇ ಪುಟ. ಯಾವುದಕ್ಕೂ ಮನಸ್ಸಿಲ್ಲ. ನೀವೆಲ್ಲ ಏನು ಮಾಡಿದಿರಿ?

ಪೆರ್ಲದ ತೋಟದವ: ಎರಡು ವರ್ಷದ ಹಿಂದೆ ನನ್ನದೂ ಇದೇ ಕತೆ. ಚಾವಡಿಯಲ್ಲಿ ಮಲಗಿ ಮಾಡಿನ ನೀರು ನೋಡುವುದೇ ಕೆಲಸ. ಅಡಿಕೆ ಗೊನೆಗೆ ನಾಳೆ ಮದ್ದು ಬಿಡುವ ಅಂತ ಹದಿನೆಂಟು ದಿನ ತಳ್ಳಿದೆ. ಕೊಳೆರೋಗ ಕಾಯುತ್ತದಾ ಮಾರಾಯ್ರೇ? ನೂರಿಪ್ಪತ್ತು ಮರದ ಬುಡದಲ್ಲಿ ಹಸಿ ಅಡಿಕೆ, ಒಂದೊಂದರ ಮೇಲೂ ಬಿಳಿ ಬೂಸು. ಹೆಕ್ಕಿ ಹೆಕ್ಕಿ ಸೊಂಟ ಹೋಯಿತು. ಆಮೇಲೆ ಮರ ಹತ್ತುವವರ ಕೂಲಿ, ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ ಸೇರಿ 11,400 ರೂಪಾಯಿ. ಈಗ ಮನಸ್ಸು ಬರಲಿ ಅಂತ ಕಾಯುವುದಿಲ್ಲ. ಮದ್ದಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕದಡಲು ನಿಂತರೆ ಜಡ ಎಲ್ಲಿರುತ್ತದೆ?

ಉಪ್ಪಳದಿಂದ: ಅವ ಕೇಳಿದ್ದು ಓದಿನ ಬಗ್ಗೆ, ಅಡಿಕೆಯದ್ದಲ್ಲ. ನಾನು 34,000 ಕೊಟ್ಟು ಟ್ರೆಡ್‌ಮಿಲ್ ತಂದೆ. ಹನ್ನೊಂದು ದಿನ ನಡೆದೆ, ಮೈ ಹಗುರ ಆಗಿತ್ತು, ಸುಳ್ಳಲ್ಲ. ಹನ್ನೆರಡನೇ ದಿನ ಸಿಡಿಲಿಗೆ ಬೋರ್ಡ್ ಹೋಯಿತು. ರಿಪೇರಿಗೆ 6,200 ಕೇಳಿದ. ಈಗ ಅದರ ಮೇಲೆ ಒದ್ದೆ ಬಟ್ಟೆ ಹರವಿದ್ದೇವೆ.

ಮುಳ್ಳೇರಿಯಾದ ಅಕ್ಕ: ಎರಡು ಮಳೆಗಾಲ ಸೋಮಾರಿ ಅನ್ನಿಸಿಕೊಂಡೆ. ಪಾತ್ರೆ ತೊಳೆಯಲು ನಿಂತರೆ ಕೂರುವ ಅನ್ನಿಸುವುದು, ಕೂದಲು ಬಾಚಣಿಗೆ ತುಂಬ. ರಕ್ತ ನೋಡಿಸಿದರೆ ಥೈರಾಯ್ಡ್ ತೊಂದರೆ, ಅದನ್ನು ತೋರಿಸುವ ಟಿಎಸ್‌ಎಚ್ 14, ತೀರಾ ಹೆಚ್ಚು. ದಿನಾ ಖಾಲಿ ಹೊಟ್ಟೆಗೆ ಮಾತ್ರೆ, ಆಮೇಲೆ ಒಂದು ಗಂಟೆ ಕಾಫಿ ಇಲ್ಲ. ಸರಿಯಾಗಲು ಮೂರು ತಿಂಗಳು ಹಿಡಿಯಿತು. ಎದ್ದು ಕೆಲಸ ಮಾಡಿದರೆ ಎಲ್ಲ ಹೋಗುತ್ತದೆ ಅನ್ನುವವರನ್ನು ಕಂಡರೆ ಈಗಲೂ ಮೈ ಉರಿಯುತ್ತದೆ.

ಪೆರ್ಲದ ತೋಟದವ: ಅಕ್ಕಾ, ನಾನು ಹೇಳಿದ್ದು ನನ್ನ ಜಡದ ಸುದ್ದಿ.

ಮುಳ್ಳೇರಿಯಾದ ಅಕ್ಕ: ನಮ್ಮ ಮನೆಯಲ್ಲೂ ಹೀಗೇ ಹೇಳುತ್ತಿದ್ದರು.

ಅಡೂರಿನವ: ಭಾವಾ, ನೀವು ಸುಣ್ಣವನ್ನು ತುತ್ತಿಗೆ ಸುರಿಯುತ್ತೀರಾ ಹೇಗೆ? ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಅದು ತಪ್ಪಿಯೇ ನಿಮ್ಮ ಅಡಿಕೆ ಉದುರಿದ್ದು.

ಪೆರ್ಲದ ತೋಟದವ: ಉದುರಿದ್ದು ಮದ್ದು ಬಿಡದೆ! ಓದಿ ಮಾತಾಡಿ. ಮೂವತ್ತು ವರ್ಷದಿಂದ ಕದಡುತ್ತಿದ್ದೇನೆ.

ಅಡೂರಿನವ: ತಪ್ಪಾಗಿ ಕದಡಿದರೂ ಮೂವತ್ತು ವರ್ಷ ಆಗುತ್ತದೆ. ಕದಡಿದ ಮದ್ದಿಗೆ ಚೂರಿ ಅದ್ದಿ ನೋಡಿದ್ದೀರಾ? ಅಲಗಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು.

ಉಪ್ಪಳದಿಂದ: ಟ್ರೆಡ್‌ಮಿಲ್ ಯಾರಿಗಾದರೂ ಬೇಕಾ? ಅರ್ಧ ಬೆಲೆ.

ನೀರ್ಚಾಲಿನವ: ನಮ್ಮ ತೋಟಕ್ಕೂ ಇನ್ನೂ ಮದ್ದು ಬಿಟ್ಟಿಲ್ಲ. ಅಪ್ಪ ನಿನ್ನೆಯಿಂದ ಮಾತಾಡುತ್ತಿಲ್ಲ. ಚೂರಿ ಎಷ್ಟು ಹೊತ್ತು ಅದ್ದಿ ಇಡಬೇಕು?