ರಾಜೀನಾಮೆ ಕೊಟ್ಟು ಪಕ್ಷ ಬದಲಿಸೋದು ನೀತಿಗೇಡೋ, ಹಕ್ಕೋ?

ಅಥಣಿ ಓದುಗ: 2019ರಾಗ ಗೋಕಾಕ, ಅಥಣಿ, ಕಾಗವಾಡ ಉಪಚುನಾವಣೆಯೊಳಗ, ರಾಜೀನಾಮೆ ಕೊಟ್ಟು ಸರಕಾರ ಬೀಳಿಸಿ ಸ್ಪೀಕರ್ ಕಡೆಯಿಂದ ಅನರ್ಹರಾದ ಶಾಸಕರನ್ನೇ ಜನ ಮತ್ತ ಆರಿಸಿದ್ರು. ಹಂಗಾದ್ರ ನೈತಿಕ ಪ್ರಶ್ನೆ ಮುಗೀತೇನ್ರೀ?

ಘಟಪ್ರಭಾ: ಮುಗಿಯಂಗಿಲ್ರೀ. ಮೊದಲು ಕಾಯ್ದೆ ನೋಡ್ರಿ. 1985ರಾಗ ಸಂವಿಧಾನಕ್ಕ ಸೇರಿಸಿದ 10ನೇ ಅನುಸೂಚಿ, ಅಂದ್ರ ಪಕ್ಷಾಂತರ ತಡೆ ಕಾಯ್ದೆ, ಪ್ರಕಾರ ತಾನಾಗಿ ಪಕ್ಷ ಬಿಟ್ರ, ಇಲ್ಲಾ ವಿಪ್ (ಸದನದಾಗ ಹಿಂಗ ಮತ ಹಾಕ್ರಿ ಅನ್ನೋ ಪಕ್ಷದ ಆದೇಶ) ಮೀರಿದ್ರ ಸದಸ್ಯತ್ವ ಹೋಗತೈತಿ. ವಿಪ್ ಮೀರಿದ್ದನ್ನ ಪಕ್ಷ 15 ದಿನದೊಳಗ ಮನ್ನಿಸಿದ್ರ ಬಚಾವ್. ಪಕ್ಷದ ಶಾಸಕರಾಗ ಮೂರನೇ ಒಂದು ಭಾಗ ಒಡದ್ರ ಇದ್ದ ರಿಯಾಯಿತಿ 2003ರಾಗ ಹೋತು. ವಿಲೀನಕ್ಕ ಮೂರನೇ ಎರಡು ಭಾಗ ಬೇಕು. ಉಳಿದ ಕಳ್ಳಗಿಂಡಿ ರಾಜೀನಾಮೆ: ಸ್ಥಾನ ಬಿಟ್ಟು, ಬ್ಯಾರೆ ಪಕ್ಷದಿಂದ ಮತ್ತ ನಿಲ್ಲೋದು. ಸುಪ್ರೀಂ ಕೋರ್ಟ್ 2019ರ ನವೆಂಬರ್ 13ಕ್ಕ ಅನರ್ಹತೆ ಎತ್ತಿಹಿಡೀತು, ಆದ್ರ ಅವಧಿ ಮುಗಿಯೋತನಕ ಚುನಾವಣೆಗೆ ನಿಲ್ಲಬಾರದು ಅನ್ನೋ ಸ್ಪೀಕರ್ ನಿರ್ಬಂಧ ತೆಗೀತು.

ಇಂಡಿ ಮಾಸ್ತರ: ಕಾಯ್ದೆ ಮನಸ್ಸು ಅಳಿಯಂಗಿಲ್ಲ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ 1919ರಾಗ ಎರಡು ನೀತಿ ಬ್ಯಾರೆ ಮಾಡಿದ: ನಂಬಿಕೆಗೆ ಬದ್ಧ ಇರೋದು, ಪರಿಣಾಮಕ್ಕ ಹೊಣೆ ಹೊರೋದು. ‘ಕ್ಷೇತ್ರದ ನೀರಾವರಿಗಾಗಿ ಬಿಟ್ಟೆ’ ಅನ್ನೋನು ಎರಡನೇದನ್ನ ಹಿಡದಾನ. ಹಿಡೀಲಿ. ಆದ್ರ ಬಿದ್ದ ಸರಕಾರ, ಉಪಚುನಾವಣೆ ಖರ್ಚು, ಇವೂ ಅದೇ ಲೆಕ್ಕದಾಗ ಬರ್ತಾವ. ಮಂತ್ರಿಗಿರಿ ಸಿಗದಿದ್ರೂ ಬಿಡ್ತಿದ್ನೇನು ಅಂತ ಕೇಳ್ರಿ, ಅರ್ಧ ಉತ್ತರ ಅಲ್ಲೇ ಅದ.

ಅಥಣಿ ಓದುಗ: ವಿಪ್ ಇದ್ದಮ್ಯಾಲೆ ಆತ್ಮಸಾಕ್ಷಿಗೆ ಜಾಗ ಎಲ್ಲೈತ್ರೀ?

ಘಟಪ್ರಭಾ: ಕಡಿಮಿ ಐತಿ, ಅದೇ ಈ ಕಾಯ್ದೆಯ ದೊಡ್ಡ ದೋಷ. ವಿಶ್ವಾಸಮತ, ಹಣಕಾಸು ಮಸೂದೆಯಂಥವುಗಳಾಗ ವಿಪ್ ಮೀರಿದ್ರಷ್ಟೇ ಅನರ್ಹತೆ ಇರಲಿ ಅಂತ 1990ರಾಗ ಚುನಾವಣಾ ಸುಧಾರಣೆಯ ದಿನೇಶ್ ಗೋಸ್ವಾಮಿ ಸಮಿತಿ ಹೇಳಿತ್ತು. ಯಾವ ಪಕ್ಷಕ್ಕೂ ಅದು ಬ್ಯಾಡಾತು.